1564ರ ಚಾರ್ಟ್‌ನಲ್ಲಿ ಪುರಂದರದಾಸರಿಗೆ ಜಾಗ ಇದೆಯಾ?

ಗೋಡೆಚಾರ್ಟ್:
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಯುರೋಪಿನ ಪುನರುಜ್ಜೀವನದ ಪಾಠ ಬಂದಾಗಲೆಲ್ಲ ಮಕ್ಕಳು ಹೆಸರು, ಇಸವಿ ಉರು ಹೊಡೆದು ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತಾರೆ. ಅದಕ್ಕೇ ಈ ಸಲ ಒಂದೇ ವರ್ಷ ಹಿಡಿದು, ಆಗ ಜಗತ್ತಿನಲ್ಲಿ ಏನೇನಾಯಿತು ಅಂತ ಗೋಡೆ ತುಂಬ ಚಾರ್ಟ್ ಮಾಡಿಸುತ್ತಿದ್ದೇನೆ. ವರ್ಷ 1564. ಫೆಬ್ರವರಿ 15ಕ್ಕೆ ಪೀಸಾದಲ್ಲಿ ಗೆಲಿಲಿಯೋ ಹುಟ್ಟಿದ. 18ಕ್ಕೆ ರೋಮ್‌ನಲ್ಲಿ ಮೈಕೆಲಾಂಜೆಲೋ ತೀರಿಕೊಂಡ. ಏಪ್ರಿಲ್‌ನಲ್ಲಿ ಶೇಕ್ಸ್‌ಪಿಯರ್ ಹುಟ್ಟಿದ. ಮೇ 27ಕ್ಕೆ ಜಿನೀವಾದಲ್ಲಿ ಕ್ರೈಸ್ತ ಮತಸುಧಾರಕ ಕ್ಯಾಲ್ವಿನ್ ತೀರಿಕೊಂಡ.

ಈಗ ವಿಷಯ ಏನಂದ್ರೆ, ಒಬ್ಬಳು ಹುಡುಗಿ "ಸರ್, ಪುರಂದರದಾಸರೂ 1564 ಅಲ್ವಾ?" ಅಂತ ಕೇಳಿದಳು. ಬಹಳಷ್ಟು ಪುಸ್ತಕಗಳಲ್ಲಿ 1484–1564 ಅಂತಲೇ ಇದೆ. ಜೊತೆಗಿರುವ ಮೇಷ್ಟ್ರು ಬೇಡ ಅಂತಾರೆ. ಇಟಲಿಯ ಕಥೆಗೂ ದಾಸರಿಗೂ ಏನು ಸಂಬಂಧ, ಸುಮ್ನೆ ಗೊಂದಲ ಅನ್ನೋದು ಅವರ ವಾದ. ನನಗೆ ಹಾಕಲೇಬೇಕು ಅನಿಸುತ್ತಿದೆ. ನೀವೇನಂತೀರಿ? ನಾನು ಬಿಟ್ಟಿರುವ ಘಟನೆಗಳಿದ್ದರೂ ಹೇಳಿ.

ತುಂಗಾತೀರ:
ಹಾಕಿ ಸರ್, ಯೋಚನೆ ಮಾಡಬೇಡಿ. ಮಕ್ಕಳಿಗೆ ಪುರಂದರದಾಸರು ಯಾವ ಕಾಲದವರು ಅಂತಲೇ ಗೊತ್ತಿರುವುದಿಲ್ಲ.

ಕೋಟೆಕೊತ್ತಲ:
ನಿಮ್ಮ ಜೊತೆಯ ಮೇಷ್ಟ್ರು ಹೇಳೋದರಲ್ಲಿ ಅರ್ಥ ಇದೆ. ಒಂದೇ ಇಸವಿಯಲ್ಲಿ ಹುಟ್ಟಿದರು, ಸತ್ತರು ಅನ್ನೋದು ಬರೀ ಕಾಕತಾಳೀಯ. ಮೈಕೆಲಾಂಜೆಲೋಗೆ ಹಂಪಿ ಗೊತ್ತಿರಲಿಲ್ಲ, ದಾಸರಿಗೆ ರೋಮ್ ಗೊತ್ತಿರಲಿಲ್ಲ. ಪಕ್ಕಪಕ್ಕ ಫೋಟೋ ಅಂಟಿಸಿದ ಮಾತ್ರಕ್ಕೆ ಅದು ಇತಿಹಾಸ ಆಗುವುದಿಲ್ಲ. ಯಾವುದರಿಂದ ಯಾವುದಾಯಿತು ಅಂತ ತೋರಿಸಿದರೆ ಮಾತ್ರ ಅದು ಪಾಠ.

ಪಂಚಾಂಗಪ್ರಿಯ:
ಸಂಬಂಧದ ಮಾತು ಆಮೇಲೆ. ಮೊದಲು ದಿನಾಂಕ ಸರಿಮಾಡಿಕೊಳ್ಳಿ. ದಾಸರ ಪುಣ್ಯದಿನ ರಕ್ತಾಕ್ಷಿ ಸಂವತ್ಸರದ ಪುಷ್ಯ ಅಮಾವಾಸ್ಯೆ. ಇವತ್ತಿಗೂ ಆರಾಧನೆ ನಡೆಯುವುದು ಆ ತಿಥಿಗೇ. ರಕ್ತಾಕ್ಷಿ ಶುರುವಾಗಿದ್ದು 1564ರ ಮಾರ್ಚ್‌ನ ಯುಗಾದಿಗೆ, ಮುಗಿದದ್ದು 1565ರ ಯುಗಾದಿಗೆ. ಪುಷ್ಯ ಹತ್ತನೇ ತಿಂಗಳು. ಅಂದಮೇಲೆ ಆ ಅಮಾವಾಸ್ಯೆ 1564ರ ಜನವರಿಯಲ್ಲಿ ಬರಲು ಸಾಧ್ಯವೇ ಇಲ್ಲ. ಆಗ ರಕ್ತಾಕ್ಷಿ ಇನ್ನೂ ಹುಟ್ಟಿರಲಿಲ್ಲ! ಲೆಕ್ಕ ಹಾಕಿದರೆ ಅದು 1565ರ ಜನವರಿ 2ಕ್ಕೆ ಬೀಳುತ್ತದೆ, ಆಗಿನ ಜೂಲಿಯನ್ ಕ್ಯಾಲೆಂಡರ್ ಪ್ರಕಾರ.

ಹಲವು ಕಡೆ "2 ಜನವರಿ 1564" ಅಂತ ಇರುತ್ತದೆ. ತಿಂಗಳು, ದಿನ ಸರಿ ಇದೆ. ವರ್ಷ ಮಾತ್ರ ಸಂವತ್ಸರ ಶುರುವಾದ ಇಸವಿಯದ್ದು.

ಸುಮ್ನೆಓದುಗ:
ರಕ್ತಾಕ್ಷಿ 1564 ಅಂತ ಹೇಗೆ ಖಾತ್ರಿ?

ಪಂಚಾಂಗಪ್ರಿಯ:
ಮನೆಯಲ್ಲಿ ಹಳೆ ಪಂಚಾಂಗ ಇದ್ದರೆ ನೋಡಿ. 1984ರ ಯುಗಾದಿಯಿಂದ 85ರ ಯುಗಾದಿವರೆಗೆ ರಕ್ತಾಕ್ಷಿ. ಅರವತ್ತು ವರ್ಷದ ಚಕ್ರ ಏಳು ಸಲ ಹಿಂದಕ್ಕೆ ಹೋದರೆ 420 ವರ್ಷ. 1984ರಲ್ಲಿ 420 ಕಳೆಯಿರಿ. ಅಷ್ಟೇ.

ತುಂಗಾತೀರ:
ಅಂದರೆ ವಿಜಯನಗರ ಸೋತ ರಕ್ಕಸತಂಗಡಿ ಯುದ್ಧಕ್ಕೆ ಬರೀ ಮೂರು ವಾರ ಮೊದಲು?!

ಪಂಚಾಂಗಪ್ರಿಯ:
ಹೌದು. ಯುದ್ಧ 1565ರ ಜನವರಿ 23. ನಡುವೆ ಇಪ್ಪತ್ತೊಂದು ದಿನ. ಸುಲ್ತಾನರ ಸೈನ್ಯಗಳು ಡಿಸೆಂಬರ್ ಕೊನೆಗೇ ವಿಜಾಪುರದ ಕಡೆಯಿಂದ ಕೃಷ್ಣೆಯತ್ತ ಹೊರಟಿದ್ದವು. ಬರೀ 1564 ಅಂತ ಬರೆದು ಮುಂದೆ ಹೋದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಕೋಟೆಕೊತ್ತಲ:
ಹಾಗಾದರೆ 1564ರ ಚಾರ್ಟಿನಿಂದ ದಾಸರು ಹೊರಗೆ. ಮುಗಿಯಿತಲ್ಲ ಚರ್ಚೆ.

ಮಿಲಾನ್‌ಮಲೆನಾಡಿಗ:
ಹಾಗೆ ಹೇಳಿದರೆ ಮೈಕೆಲಾಂಜೆಲೋ ಕೂಡ ಹೊರಗೆ ಹೋಗಬೇಕಾಗುತ್ತದೆ. ಫ್ಲಾರೆನ್ಸ್‌ನಲ್ಲಿ ಆಗ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಅಲ್ಲಿಯವರ ಲೆಕ್ಕದಲ್ಲಿ ಅವನು ಸತ್ತದ್ದು 1563ರ ಫೆಬ್ರವರಿಯಲ್ಲಿ. ಇನ್ನೂ ಸ್ವಾರಸ್ಯ ಇದೆ. ಪೀಸಾದವರೂ ಮಾರ್ಚ್ 25ಕ್ಕೇ ವರ್ಷ ಬದಲಿಸುತ್ತಿದ್ದರು, ಆದರೆ ಫ್ಲಾರೆನ್ಸ್‌ಗಿಂತ ಒಂದು ವರ್ಷ ಮುಂದೆ ಎಣಿಸುತ್ತಿದ್ದರು. ಗೆಲಿಲಿಯೋ ಹುಟ್ಟಿದ ದಿನ ಪೀಸಾದಲ್ಲಿ 1564, ಪಕ್ಕದ ಫ್ಲಾರೆನ್ಸ್‌ನಲ್ಲಿ 1563. ಎರಡೂ ಊರು ಒಬ್ಬನೇ ಡ್ಯೂಕ್ ಕೋಸಿಮೋ ಮೆಡಿಚಿಯ ಆಳ್ವಿಕೆಯಲ್ಲಿದ್ದವು!

ಜನವರಿ 1ರಿಂದಲೇ ವರ್ಷ ಎಣಿಸಬೇಕು ಅಂತ ಫ್ರಾನ್ಸ್‌ನ ರಾಜ ಒಂಬತ್ತನೇ ಚಾರ್ಲ್ಸ್ ರೂಸಿಯೋನ್‌ನಲ್ಲಿ ಆಜ್ಞೆ ಹೊರಡಿಸಿದ್ದು ಇದೇ 1564ರ ಆಗಸ್ಟ್‌ನಲ್ಲಿ. ಇಂಗ್ಲೆಂಡ್ 1752ರವರೆಗೆ ಬದಲಿಸಲಿಲ್ಲ. ಸರ್, ಇದನ್ನು ಚಾರ್ಟಿನ ಮಧ್ಯದಲ್ಲೇ ಹಾಕಿ. ಆ ಹುಡುಗಿಯ ಪ್ರಶ್ನೆ ನಿಮ್ಮ ಪಟ್ಟಿಗಿಂತ ಚೆನ್ನಾಗಿದೆ.

ಗೋಡೆಚಾರ್ಟ್:
ಇದು ಬಹಳ ಉಪಯೋಗಕ್ಕೆ ಬಂತು. ಒಂದು ಅನುಮಾನ. ಮೈಕೆಲಾಂಜೆಲೋ ಸತ್ತ ದಿನವೇ ಗೆಲಿಲಿಯೋ ಹುಟ್ಟಿದ ಅಂತ ಒಂದು ಕಡೆ ಓದಿದ್ದೆ.

ಮಿಲಾನ್‌ಮಲೆನಾಡಿಗ:
ಇಲ್ಲ, ಮೂರು ದಿನದ ಅಂತರ ಇದೆ. ಒಬ್ಬ ಮಹಾಪುರುಷ ಹೋದ ದಿನವೇ ಇನ್ನೊಬ್ಬ ಬಂದ ಅನ್ನೋ ಕಥೆ ಫ್ಲಾರೆನ್ಸ್‌ನವರಿಗೆ ಇಷ್ಟ. ಗೆಲಿಲಿಯೋನ ಶಿಷ್ಯ ವಿವಿಯಾನಿಗೆ ಇಬ್ಬರನ್ನೂ ಜೋಡಿಸುವ ಆಸೆ ಬಹಳ ಇತ್ತು. ಕೊನೆಗೆ ಸಮಾಧಿಗಳಂತೂ ಜೊತೆಯಾದವು. ಸಾಂತಾ ಕ್ರೋಚೆ ಚರ್ಚಿನಲ್ಲಿ ಒಂದು ಗೋಡೆಗೆ ಮೈಕೆಲಾಂಜೆಲೋ, ಎದುರು ಗೋಡೆಗೆ ಗೆಲಿಲಿಯೋ. ಚರ್ಚಿನ ವಿರೋಧದಿಂದಾಗಿ ಗೆಲಿಲಿಯೋಗೆ ಆ ಜಾಗ ಸಿಕ್ಕಿದ್ದು ಸತ್ತು ತೊಂಬತ್ತೈದು ವರ್ಷವಾದ ಮೇಲೆ, 1737ರಲ್ಲಿ.

ಇನ್ನೊಂದು ಹೇಳಲೇಬೇಕು. ಇಲ್ಲಿ ಮಿಲಾನ್‌ನ ಸ್ಫೋರ್ತ್ಸಾ ಕೋಟೆಯಲ್ಲಿ ಮೈಕೆಲಾಂಜೆಲೋನ ಕೊನೆಯ ಶಿಲ್ಪ ಇದೆ, ರೊಂದಾನೀನಿ ಪಿಯೆತಾ. ಸತ್ತ ಏಸುವನ್ನು ತಾಯಿ ಮೇರಿ ಹಿಡಿದುಕೊಂಡಿರುವ ಶಿಲ್ಪ. ಸಾಯುವ ಕೆಲವೇ ದಿನ ಮೊದಲೂ, ಎಂಬತ್ತೆಂಟು ದಾಟಿದ ವಯಸ್ಸಿನಲ್ಲಿ, ಅದನ್ನು ಕೆತ್ತುತ್ತಿದ್ದ. ಏಸುವಿನ ಬಲಗಡೆ ಒಂದು ಕೈ ಒಂಟಿಯಾಗಿ ನಿಂತಿದೆ, ಮೈಗೆ ಅಂಟಿಕೊಂಡಿಲ್ಲ. ಮೊದಲು ಕೆತ್ತಿದ್ದ ಆಕೃತಿಯ ಕೈ ಅದು. ಮನಸ್ಸು ಬದಲಿಸಿ, ಹಳೆಯ ದೇಹವನ್ನು ಒಡೆದು, ಉಳಿದ ಕಲ್ಲಿನೊಳಗೆ ತೆಳ್ಳನೆಯ ಹೊಸ ದೇಹ ಹುಡುಕಲು ಹೊರಟಿದ್ದ. ಆ ಕೈ ನುಣುಪಾಗಿದೆ, ಹೊಸ ಮೈಮೇಲೆ ಉಳಿಯ ಗೀರು ಹಾಗೇ ಇದೆ. ಮಕ್ಕಳಿಗೆ ಅವನು ಬರೆದ ಸಿಸ್ಟೀನ್ ಚಾಪೆಲ್‌ನ ಚಾವಣಿ ಬಿಟ್ಟು ಇದರ ಚಿತ್ರ ತೋರಿಸಿ. ಕೆಲಸ ಅಂದರೆ ಏನು ಅಂತ ಗೊತ್ತಾಗುತ್ತದೆ.

ಸುಮ್ನೆಓದುಗ:
ಅವನ ಹೆಣವನ್ನು ಕದ್ದುಕೊಂಡು ಹೋದರು ಅನ್ನೋದು ನಿಜಾನಾ?

ಮಿಲಾನ್‌ಮಲೆನಾಡಿಗ:
ನಿಜ. ರೋಮ್‌ನವರು ಅಲ್ಲೇ ಹೂಳಬೇಕು ಅಂತಿದ್ದರು. ಅಣ್ಣನ... ಅಲ್ಲ, ತಮ್ಮನ ಮಗ ಲಿಯೊನಾರ್ಡೋ ವ್ಯಾಪಾರದ ಸರಕಿನ ಮೂಟೆಯಂತೆ ಕಟ್ಟಿಸಿ ಫ್ಲಾರೆನ್ಸ್‌ಗೆ ಸಾಗಿಸಿದ. ಜುಲೈ 14ಕ್ಕೆ ಸಾನ್ ಲೊರೆಂಜೋದಲ್ಲಿ ಕಲಾವಿದರೆಲ್ಲ ಸೇರಿ ದೊಡ್ಡ ಅಂತಿಮ ಗೌರವ ಮಾಡಿದರು.

ವೀಣಾಪಾಣಿ:
ಕೋಟೆಕೊತ್ತಲ ಅವರೇ, "ಸಂಬಂಧ ಇಲ್ಲ" ಅಂದಿರಿ. ನಾನು ಸಂಗೀತ ಕಲಿಸುವವಳು, ನನಗೆ ಬೇರೆ ಥರ ಕಾಣುತ್ತದೆ. ಗೆಲಿಲಿಯೋನ ಅಪ್ಪ ವಿಂಚೆಂಜೋ ಗೆಲಿಲೇಯಿ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದ. ತಂತಿಗೆ ಭಾರ ಹೆಚ್ಚಿಸಿದರೆ ಸ್ವರ ಎಷ್ಟು ಏರುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದವನು. ಸ್ವರ ಒಂದು ಸ್ಥಾಯಿ ಮೇಲೆ ಹೋಗಬೇಕಾದರೆ ಬಿಗಿ ಎರಡು ಪಟ್ಟು ಸಾಲದು, ನಾಲ್ಕು ಪಟ್ಟು ಬೇಕು. ಪೈಥಾಗೊರಸ್ ಹೆಸರಿನಲ್ಲಿ ಬಂದ ಮಾತನ್ನು ಸುಮ್ನೆ ಒಪ್ಪದೆ ತಾನೇ ತೂಕ ಕಟ್ಟಿ ನೋಡಿದ. ಮಗ ಬೆಳೆದದ್ದು ಅಂಥ ಮನೆಯಲ್ಲಿ.

ಅದೇ ಶತಮಾನದಲ್ಲಿ ಇಲ್ಲಿ ದಾಸರು ಸಂಗೀತ ಕಲಿಯುವ ದಾರಿಯನ್ನೇ ಕಟ್ಟಿಕೊಟ್ಟರು ಅನ್ನೋದು ನಮ್ಮ ಪರಂಪರೆ. ಸರಳೆ, ಜಂಟಿ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ. ಮೊದಲ ಪಾಠಕ್ಕೆ ಮಾಯಾಮಾಳವಗೌಳ. ಆ ರಾಗದಲ್ಲಿ ಸ-ರಿ, ಗ-ಮ ಹತ್ತಿರ ಹತ್ತಿರ, ರಿ-ಗ ದೂರ. ಮೇಲಿನ ಅರ್ಧದಲ್ಲೂ ಪ-ದ, ನಿ-ಸ ಹತ್ತಿರ, ದ-ನಿ ದೂರ. ಕೆಳಗಿನ ಅರ್ಧ ಗಂಟಲಲ್ಲಿ ಕೂತರೆ ಮೇಲಿನ ಅರ್ಧ ತಾನೇ ಬರುತ್ತದೆ. ಮಕ್ಕಳಿಗೆ ಪಾಠ ಹೇಳಿ ಹೇಳಿ ನನಗೆ ಇದರ ಬೆಲೆ ಗೊತ್ತು. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿರಲೇಬೇಕು ಅಂತ ಏನಿಲ್ಲ. ಎರಡು ಕಡೆ ಏನು ನಡೆಯುತ್ತಿತ್ತು ಅಂತ ಹೋಲಿಸಿ ನೋಡುವುದೂ ಪಾಠವೇ.

ಕೋಟೆಕೊತ್ತಲ:
ಹೋಲಿಕೆ ಬೇಡ ಅಂತ ನಾನು ಹೇಳಿಲ್ಲ. ಆದರೆ ಹೋಲಿಕೆಗೆ ಇಸವಿ ಯಾಕೆ ಬೇಕು? ವಿಂಚೆಂಜೋ ಪ್ರಯೋಗ ಮಾಡಿದ್ದು 1580ರ ದಶಕದಲ್ಲಿ. ದಾಸರು ಹಾಡಿದ್ದು ಅದಕ್ಕೆ ಎಷ್ಟೋ ವರ್ಷ ಮೊದಲು. 1564 ಇಲ್ಲಿ ಬರೀ ನೆಪ.

ಒಂದೇ ವರ್ಷದೊಳಗೆ ಕಾರಣ-ಪರಿಣಾಮ ಬೇಕು ಅಂದರೆ ದಖ್ಖನಿಗೆ ಬನ್ನಿ. 1558ರಲ್ಲಿ ವಿಜಾಪುರದ ಅಲಿ ಆದಿಲ್ ಶಾಹ ಅಳಿಯ ರಾಮರಾಯನ ಜೊತೆ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ರಾಜನಾಗುವ ಮೊದಲು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ಇವರೆಲ್ಲ 1564ರ ಹೊತ್ತಿಗೆ ಒಂದಾಗಿದ್ದು ಮದುವೆಗಳ ಮೂಲಕ. ಅಹಮದ್‌ನಗರದ ಹುಸೇನ್ ನಿಜಾಂ ಶಾಹನ ಮಗಳು ಚಾಂದ್ ಬೀಬಿಯನ್ನು ಅಲಿಗೆ ಕೊಟ್ಟರು. ಜೊತೆಗೆ ಸೊಲ್ಲಾಪುರದ ಕೋಟೆ. ಆ ಕೋಟೆಗಾಗಿ ಎರಡು ರಾಜ್ಯಗಳು ಎಷ್ಟು ಸಲ ಹೊಡೆದಾಡಿದ್ದವು! ಅಲಿಯ ತಂಗಿ ಅಹಮದ್‌ನಗರದ ಸೊಸೆಯಾದಳು. ಅಲ್ಲಿಗೆ ಜಗಳ ತಣ್ಣಗಾಯಿತು, ಸೈನ್ಯಗಳಿಗೆ ಒಂದೇ ದಿಕ್ಕು ಸಿಕ್ಕಿತು. ಚಾರ್ಟಿನಲ್ಲಿ ಇದು ಬರಲಿ.

ತುಂಗಾತೀರ:
ಚಾಂದ್ ಬೀಬಿ ಆಮೇಲೆ ವಿಜಾಪುರದಲ್ಲಿ ಎಳೆಯ ಇಬ್ರಾಹಿಂ ಆದಿಲ್ ಶಾಹನ ಪರವಾಗಿ ರಾಜ್ಯ ನೋಡಿಕೊಂಡವಳು, ಅಹಮದ್‌ನಗರದ ಕೋಟೆಯನ್ನು ಮೊಗಲರಿಂದ ಕಾಪಾಡಿದವಳು. ಅವಳನ್ನು ಬರೀ "ಮದುವೆ ಮಾಡಿಕೊಟ್ಟರು" ಅಂತ ಮುಗಿಸಬೇಡಿ.

ಜಬಲ್‌ಪುರವಾಸಿ:
ಹೆಣ್ಣುಮಕ್ಕಳ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನನಗೆ ಗೊತ್ತಾದ ಹೆಸರು ರಾಣಿ ದುರ್ಗಾವತಿ. 1564ರ ಜೂನ್ 24. ಗೊಂಡವಾನದ ರಾಣಿ. ಚಂದೇಲ ಮನೆತನದ ಮಗಳು, ಗಂಡ ತೀರಿಕೊಂಡ ಮೇಲೆ ಚಿಕ್ಕ ಮಗನ ಪರವಾಗಿ ಹದಿನಾಲ್ಕು ವರ್ಷದ ಹತ್ತಿರ ಆಳಿದಳು. ಅಕ್ಬರನ ಸರದಾರ ಆಸಫ್ ಖಾನ್ ದಂಡೆತ್ತಿ ಬಂದ. ಜಬಲ್‌ಪುರದ ಹತ್ತಿರ ನರ್ರಾಯಿಯಲ್ಲಿ ಆನೆಯ ಮೇಲೆ ಕೂತು ಹೋರಾಡಿದಳು. ಬಾಣಗಳು ತಗುಲಿ ಸೋಲು ಖಚಿತವಾದಾಗ ಸೆರೆ ಸಿಕ್ಕಬಾರದು ಅಂತ ಕಠಾರಿಯಿಂದ ತಾನೇ ಇರಿದುಕೊಂಡಳು. ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಅವಳ ಹೆಸರೇ ಇದೆ. ಕರ್ನಾಟಕದಲ್ಲಿ ಓದುವಾಗ ನನಗೆ ಯಾರೂ ಇವಳ ಬಗ್ಗೆ ಹೇಳಿರಲಿಲ್ಲ. ಅದು ಇವತ್ತಿಗೂ ಬೇಜಾರು. ಸರ್, ದಯವಿಟ್ಟು ಇವಳಿಗೊಂದು ಜಾಗ ಕೊಡಿ.

ಕೋಟೆಕೊತ್ತಲ:
ಖಂಡಿತ ಬರಬೇಕು. ಅದೇ ವರ್ಷ ಅಕ್ಬರ್ ಮುಸ್ಲಿಮೇತರರ ಮೇಲಿನ ಜಿಜಿಯಾ ತೆರಿಗೆ ತೆಗೆದದ್ದೂ ಬರಬೇಕು. ಆಗ ಅವನಿಗೆ ಇಪ್ಪತ್ತೊಂದು, ಇಪ್ಪತ್ತೆರಡು ವಯಸ್ಸು. ಒಂದು ಕೈಯಲ್ಲಿ ತೆರಿಗೆ ತೆಗೆದ, ಇನ್ನೊಂದು ಕೈಯಲ್ಲಿ ಗೊಂಡವಾನ ನುಂಗಿದ. ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟರೆ ಮಕ್ಕಳಿಗೆ ಅರ್ಧ ಅಕ್ಬರ್ ಮಾತ್ರ ಸಿಗುತ್ತಾನೆ.

ಏವನ್‌ತೀರ:
ನಾನಿರುವುದು ಸ್ಟ್ರಾಟ್‌ಫರ್ಡ್‌ನಿಂದ ಸ್ವಲ್ಪವೇ ದೂರ. ಊರಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ. ಒಂದು ತಿದ್ದುಪಡಿ: ಶೇಕ್ಸ್‌ಪಿಯರ್ ಹುಟ್ಟಿದ ದಿನ ದಾಖಲೆಯಲ್ಲಿಲ್ಲ. ಇರುವುದು ಏಪ್ರಿಲ್ 26ರ ದೀಕ್ಷಾಸ್ನಾನದ ನಮೂದು. 23 ಅನ್ನೋದು ಆಮೇಲೆ ಬಂದ ರೂಢಿ. ಅವನು ಸತ್ತದ್ದೂ 1616ರ ಏಪ್ರಿಲ್ 23 ಆದ್ದರಿಂದ ಜನರಿಗೆ ಅದು ಹಿಡಿಸಿತು.

ನನ್ನನ್ನು ಕಾಡುವುದು ಅದೇ ರಿಜಿಸ್ಟರ್‌ನ ಜುಲೈ 11ರ ಸಾಲು. ಒಬ್ಬ ಕೆಲಸ ಕಲಿಯುತ್ತಿದ್ದ ಹುಡುಗನನ್ನು ಹೂಳಿದ ನಮೂದು. ಪಕ್ಕದಲ್ಲಿ ಲ್ಯಾಟಿನ್‌ನಲ್ಲಿ ಮೂರೇ ಪದ, "ಇಲ್ಲಿಂದ ಪ್ಲೇಗ್ ಶುರು" ಅಂತ. ಆ ವರ್ಷ ಮುಗಿಯುವಷ್ಟರಲ್ಲಿ ಆ ಚಿಕ್ಕ ಪೇಟೆಯಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ವಿಲಿಯಂ ಆಗ ಮೂರು ತಿಂಗಳ ಕೂಸು. ಅವನಿಗಿಂತ ಮೊದಲು ಹುಟ್ಟಿದ ಇಬ್ಬರು ಹೆಣ್ಣುಮಕ್ಕಳನ್ನು ಆ ತಂದೆತಾಯಿ ಆಗಲೇ ಕಳೆದುಕೊಂಡಿದ್ದರು. ಮಕ್ಕಳಿಗೆ "ಮಹಾಕವಿ ಹುಟ್ಟಿದ" ಅನ್ನುವುದಕ್ಕಿಂತ ಇದನ್ನು ಹೇಳಿ. ಕೋವಿಡ್ ನೋಡಿದ ಮಕ್ಕಳು, ಅವರಿಗೆ ತಟ್ಟನೆ ಅರ್ಥವಾಗುತ್ತದೆ.

ಸುಮ್ನೆಓದುಗ:
ನಾಟಕಕಾರ ಮಾರ್ಲೋ ಕೂಡ ಅದೇ ವರ್ಷ ಅಲ್ವಾ?

ಏವನ್‌ತೀರ:
ಹೌದು, ಕ್ಯಾಂಟರ್‌ಬರಿಯಲ್ಲಿ ಫೆಬ್ರವರಿ 26ಕ್ಕೆ ದೀಕ್ಷಾಸ್ನಾನ. ಚಮ್ಮಾರನ ಮಗ. ಶೇಕ್ಸ್‌ಪಿಯರ್‌ಗಿಂತ ಎರಡು ತಿಂಗಳು ದೊಡ್ಡವನು, ಅವನಿಗಿಂತ ಮೊದಲೇ ಹೆಸರು ಮಾಡಿದವನು. 1593ರಲ್ಲಿ ಡೆಟ್‌ಫರ್ಡ್‌ನಲ್ಲಿ ಚೂರಿ ಇರಿತಕ್ಕೆ ಸತ್ತ. ಇಪ್ಪತ್ತೊಂಬತ್ತೇ ವರ್ಷ.

ತುಂಗಾತೀರ:
ದಾಸರ ಊರು ಯಾವುದು ಅಂತ ಚಾರ್ಟಿನಲ್ಲಿ ಬರೆಯುತ್ತೀರಾ? ನಮ್ಮ ತೀರ್ಥಹಳ್ಳಿ ಕಡೆಯ ಆರಗದ ಕ್ಷೇಮಪುರ ಅಂತ ಬರೆಯಿರಿ.

ಪಂಚಾಂಗಪ್ರಿಯ:
ಪುಣೆ ಹತ್ತಿರದ ಪುರಂದರಗಡ ಅನ್ನುವವರೂ ಇದ್ದಾರೆ. ಸುಮಾರು ಕಾಲ ಪುಸ್ತಕಗಳಲ್ಲಿ ಇದ್ದದ್ದು ಅದೇ.

ತುಂಗಾತೀರ:
ಹಂಪಿ ಕನ್ನಡ ವಿಶ್ವವಿದ್ಯಾಲಯದ ತಜ್ಞರ ಸಮಿತಿಯೇ ಆರಗದ ಕಡೆಗೆ ಹೇಳಿದೆ. ಮಲೆನಾಡಿನ ಮಾತು ಅವರ ಹಾಡುಗಳಲ್ಲಿ ಎಷ್ಟು ಇದೆ ನೋಡಿ! ಪುಣೆಯಲ್ಲಿ ಬೆಳೆದವರಿಗೆ ಆ ಕನ್ನಡ ಎಲ್ಲಿಂದ ಬರಬೇಕು?

ವೀಣಾಪಾಣಿ:
ಇದು ಬೇರೆ ಚರ್ಚೆ, ಬೇರೆ ಕಡೆ ಮಾಡೋಣ. ಹಂಪಿಯಲ್ಲಿ ವಿಠ್ಠಲ ದೇವಸ್ಥಾನದಿಂದ ಹೊಳೆ ಕಡೆ ಇಳಿದರೆ ಪುರಂದರ ಮಂಟಪ ಇದೆ. ಕೊನೆಯ ದಿನಗಳ ಬಗ್ಗೆ ಹೇಳುವಾಗ ಆ ಚಿತ್ರ ಸಾಕು. ಮಳೆಗಾಲದಲ್ಲಿ ತುಂಗಭದ್ರೆ ಏರಿದರೆ ಅದು ಮುಳುಗಿಯೇ ಹೋಗುತ್ತದೆ.

ಔಷಧಿಪೆಟ್ಟಿಗೆ:
ವೈದ್ಯನಾಗಿ ನನ್ನದೊಂದು ಬೇಡಿಕೆ. ವೆಸಾಲಿಯಸ್‌ನನ್ನು ಬಿಟ್ಟಿದ್ದೀರಿ. ಹೆಣ ಕೊಯ್ದು, ಕಣ್ಣಾರೆ ಕಂಡದ್ದನ್ನೇ ಬರೆದು 1543ರಲ್ಲಿ ಮನುಷ್ಯ ದೇಹದ ರಚನೆಯ ದೊಡ್ಡ ಪುಸ್ತಕ ತಂದವನು. ಪ್ರಾಚೀನ ಕಾಲದ ವೈದ್ಯ ಗ್ಯಾಲೆನ್ ಹೇಳಿದ್ದರಲ್ಲಿ ಎಷ್ಟೋ ಭಾಗ ಪ್ರಾಣಿಗಳ ದೇಹ ನೋಡಿ ಹೇಳಿದ್ದು ಅಂತ ತೋರಿಸಿದವನು. ಜೆರೂಸಲೇಂ ಯಾತ್ರೆಯಿಂದ ಹಿಂದಿರುಗುವಾಗ 1564ರ ಅಕ್ಟೋಬರ್‌ನಲ್ಲಿ ಗ್ರೀಸ್ ಹತ್ತಿರದ ಜಾಕಿಂಥಸ್ ದ್ವೀಪದಲ್ಲಿ ಸತ್ತ. ವಯಸ್ಸು ಐವತ್ತೂ ಆಗಿರಲಿಲ್ಲ. ಬದುಕಿದ್ದವನನ್ನು ಕೊಯ್ದದ್ದಕ್ಕೆ ಶಿಕ್ಷೆಯಾಗಿ ಯಾತ್ರೆಗೆ ಕಳಿಸಿದರು ಅನ್ನೋ ಕಥೆ ಓಡಾಡುತ್ತದೆ. ಅದಕ್ಕೆ ಆಧಾರ ಇಲ್ಲ, ಹಾಕಬೇಡಿ.

ಮಕ್ಕಳಿಗೆ ಇನ್ನೂ ಇಷ್ಟವಾಗುವವನು ಪಿಯರ್ ಬೆಲೋನ್. 1555ರಲ್ಲಿ ಮನುಷ್ಯನ ಅಸ್ಥಿಪಂಜರ, ಹಕ್ಕಿಯ ಅಸ್ಥಿಪಂಜರ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಯಾವ ಮೂಳೆಗೆ ಯಾವ ಮೂಳೆ ಸಮ ಅಂತ ಅಕ್ಷರ ಹಾಕಿ ತೋರಿಸಿದ. ಡಾರ್ವಿನ್‌ಗಿಂತ ಮೂರು ಶತಮಾನ ಮೊದಲು! 1564ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಪಕ್ಕದ ಕಾಡಿನಲ್ಲಿ ಯಾರೋ ಕೊಂದುಬಿಟ್ಟರು. ಆ ಚಿತ್ರವನ್ನು ಹುಡುಗರ ಕೈಲೇ ಬರೆಸಿ.

ಕೋಟೆಕೊತ್ತಲ:
ಈಗ ನೋಡಿ, ನಾನು ಕೇಳುತ್ತಿದ್ದ ಸಂಬಂಧ ಇಲ್ಲೇ ಸಿಗುತ್ತದೆ: ಅಚ್ಚು. ವೆಸಾಲಿಯಸ್ ಚಿತ್ರಗಳು ಊರೂರು ತಲುಪಿದ್ದು ಅಚ್ಚಿನಿಂದ. ಅದಕ್ಕೇ ಕ್ಯಾಥೊಲಿಕ್ ಚರ್ಚ್ ಹೆದರಿ, ಟ್ರೆಂಟ್‌ನಲ್ಲಿ ನಡೆದ ತನ್ನ ಧರ್ಮಸಭೆ ಮುಗಿದ ಕೂಡಲೇ, ಇದೇ 1564ರಲ್ಲಿ, ನಿಷೇಧಿತ ಪುಸ್ತಕಗಳ ಹೊಸ ಪಟ್ಟಿ ಹೊರಡಿಸಿತು. ಮಾಸ್ಕೋದಲ್ಲಿ ಇವಾನ್ ಫ್ಯೋದೊರೊವ್ ಅಲ್ಲಿಯ ಮೊದಲ ತಾರೀಖು ಇರುವ ಅಚ್ಚಿನ ಪುಸ್ತಕ ಮುಗಿಸಿದ್ದು 1564ರ ಮಾರ್ಚ್ 1ಕ್ಕೆ. ಗೋವೆಗೆ ಪೋರ್ಚುಗೀಸರು 1556ರಲ್ಲೇ ಅಚ್ಚಿನ ಯಂತ್ರ ತಂದಿದ್ದರು. ಹಂಪಿಗೆ ಅದೇನು ದೂರವಲ್ಲ. ಆದರೂ ಕನ್ನಡದ ಅಕ್ಷರ ಅಚ್ಚಾಗಲು ಹತ್ತೊಂಬತ್ತನೇ ಶತಮಾನ ಬರಬೇಕಾಯಿತು. ವಿಲಿಯಂ ಕೇರಿ ಎಂಬ ಪಾದ್ರಿಯ ಕನ್ನಡ ವ್ಯಾಕರಣ ಬಂಗಾಳದ ಸೆರಾಂಪುರದಿಂದ ಬಂದದ್ದು 1817ರಲ್ಲಿ. ಎರಡೂವರೆ ಶತಮಾನ! ಇದನ್ನು ಚಾರ್ಟಿನಲ್ಲಿ ತೋರಿಸಿದರೆ ದಾಸರು ಯಾಕೆ ಅಲ್ಲಿ ಇರಬೇಕು ಅನ್ನುವುದಕ್ಕೆ ಕಾರಣ ಸಿಗುತ್ತದೆ. ಅವರ ಹಾಡು ಅಷ್ಟೂ ಕಾಲ ಬಾಯಿಂದ ಬಾಯಿಗೆ, ತಾಳೆಗರಿಯಿಂದ ತಾಳೆಗರಿಗೆ ದಾಟಿ ಬಂತು.

ವೀಣಾಪಾಣಿ:
ಈ ಮಾತು ಒಪ್ಪಿದೆ. ಹಾಗೆ ದಾಟಿದ್ದಕ್ಕೇ ಮಟ್ಟುಗಳು ಬಹಳಷ್ಟು ಕಳೆದುಹೋದವು, ಸಾಹಿತ್ಯ ಉಳಿಯಿತು. ಇವತ್ತು ನಾವು ಹಾಡುವ ಎಷ್ಟೋ ದೇವರನಾಮಗಳ ರಾಗ ಆಮೇಲಿನವರು ಹಾಕಿದ್ದು. ಮಕ್ಕಳಿಗೆ ಹೀಗೆ ಹೇಳಿದರೆ ದಾಸರು ಬರೀ ಪೂಜೆಯ ಫೋಟೋ ಆಗಿ ಉಳಿಯುವುದಿಲ್ಲ.

ಗೋಡೆಚಾರ್ಟ್:
ಎಲ್ಲರಿಗೂ ಧನ್ಯವಾದ. ಚಾರ್ಟನ್ನು ಜನವರಿಯಿಂದ ಡಿಸೆಂಬರ್ ಅಂತ ಮಾಡುವ ಬದಲು ಯುಗಾದಿಯಿಂದ ಯುಗಾದಿಗೆ ಮಾಡಲಾ ಅಂತ ಯೋಚನೆ ಬಂತು. ರಕ್ತಾಕ್ಷಿ ಸಂವತ್ಸರದ ಜಗತ್ತು.

ಪಂಚಾಂಗಪ್ರಿಯ:
ಹಾಗೆ ಮಾಡಿದರೆ ದಾಸರೂ ರಕ್ಕಸತಂಗಡಿಯೂ ಒಳಗೆ ಬರುತ್ತವೆ, ಮೈಕೆಲಾಂಜೆಲೋ, ಗೆಲಿಲಿಯೋ ಹಿಂದಿನ ರುಧಿರೋದ್ಗಾರಿಗೆ ಹೋಗುತ್ತಾರೆ.

ಮಿಲಾನ್‌ಮಲೆನಾಡಿಗ:
ಮೈಕೆಲಾಂಜೆಲೋನನ್ನು ಬಿಡಬೇಡಿ ಸರ್! ಎರಡೂ ಪಟ್ಟಿ ಒಂದರ ಕೆಳಗೆ ಒಂದು ಹಾಕಿ. ಮೇಲೆ ಜನವರಿ-ಡಿಸೆಂಬರ್, ಕೆಳಗೆ ಚೈತ್ರ-ಫಾಲ್ಗುಣ, ಅದರ ಕೆಳಗೆ ಫ್ಲಾರೆನ್ಸ್‌ನ ಮಾರ್ಚ್-ಮಾರ್ಚ್. ಯಾರು ಯಾವ ವರ್ಷಕ್ಕೆ ಬೀಳುತ್ತಾರೆ ಅಂತ ಮಕ್ಕಳೇ ದಾರ ಎಳೆದು ತೋರಿಸಲಿ.

ಏವನ್‌ತೀರ:
ಡಿಸೆಂಬರ್ ಖಾಲಿ ಬಿಟ್ಟಿದ್ದರೆ ಥೇಮ್ಸ್ ಹೆಪ್ಪುಗಟ್ಟಿದ್ದನ್ನು ಹಾಕಿ. ಆ ಚಳಿಗಾಲ ಲಂಡನ್‌ನಲ್ಲಿ ಜನ ನದಿಯ ಮೇಲೆ ನಡೆದಾಡಿದರು.

ಕೋಟೆಕೊತ್ತಲ:
ಡಿಸೆಂಬರ್‌ನಲ್ಲೇ ರಷ್ಯಾದ ದೊರೆ ನಾಲ್ಕನೇ ಇವಾನ್ ಮಾಸ್ಕೋ ಬಿಟ್ಟು ಹೊರಟ. ಅಲ್ಲಿಂದ ಅವನ ಕ್ರೂರ ಆಳ್ವಿಕೆಯ ಹೊಸ ಅಧ್ಯಾಯ ಶುರು. ಅದಕ್ಕಿಂತ ಮುಖ್ಯ ನವೆಂಬರ್ 21. ಮೆಕ್ಸಿಕೋದ ಪಶ್ಚಿಮ ತೀರದಿಂದ ಸ್ಪೇನಿನ ಲೆಗಾಸ್ಪಿಯ ಹಡಗುಗಳು ಫಿಲಿಪ್ಪೀನ್ಸ್ ಕಡೆ ಹೊರಟವು. ಮರುವರ್ಷ ಅದೇ ತಂಡದ ಉರ್ದನೇತಾ ಪೆಸಿಫಿಕ್ ದಾಟಿ ವಾಪಸ್ ಬರುವ ದಾರಿ ಕಂಡುಕೊಂಡ. ಅಮೆರಿಕದ ಬೆಳ್ಳಿ ನೇರವಾಗಿ ಏಷ್ಯಾಕ್ಕೆ ಹರಿಯತೊಡಗಿದ್ದು ಆ ದಾರಿಯಲ್ಲಿ. ಗೋಡೆಯಲ್ಲಿ ಜಾಗ ಇದ್ದರೆ ಒಂದು ದೊಡ್ಡ ನಕ್ಷೆ ಹಾಕಿ ಆ ಹಡಗಿನ ಗೆರೆ ಎಳೆಸಿ.

ಜಬಲ್‌ಪುರವಾಸಿ:
ನಕ್ಷೆ ಹಾಕುವುದಾದರೆ ನರ್ರಾಯಿಯನ್ನೂ ಗುರುತು ಮಾಡಿಸಿ. ಜಬಲ್‌ಪುರದಿಂದ ಮಂಡ್ಲಾ ಕಡೆ ಹೋಗುವ ದಾರಿಯ ಹತ್ತಿರ ಬರುತ್ತದೆ.